ಒಂದೇ ದಿನ, ಇಬ್ಬರು ಮಕ್ಕಳು, ಮೊಣಕಾಲು ನೋವಿನ ಅತ್ತೆ: ಮ್ಯೂಸಿಯಂ ಹೇಗೆ ನೋಡೋದು?

ಪ್ರಶ್ನೆ: ನಾವು ತುಮಕೂರಿನವರು. ಮಗಳಿಗೆ ಹತ್ತು ವರ್ಷ, ಮಗನಿಗೆ ಐದು. ರಜೆಯಲ್ಲಿ ಒಂದು ದಿನ ಬೆಂಗಳೂರಿಗೆ ಬಂದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ, ಲಾಲ್‌ಬಾಗ್ ಮೂರನ್ನೂ ನೋಡಿಕೊಂಡು ಹೋಗೋಣ ಅಂತಿದ್ದೇವೆ. ಅತ್ತೆಯವರೂ ಬರುತ್ತಾರೆ, ಅವರಿಗೆ ಮೊಣಕಾಲು ನೋವು. ಹೋದ ಸಲ ಬಂದಾಗ ಮಕ್ಕಳು ಸಿಕ್ಕಸಿಕ್ಕ ಬಟನ್ ಒತ್ತಿ ಓಡಿದ್ದೇ ಆಯಿತು. ಏನೂ ಕಲಿತಂತೆ ಕಾಣಲಿಲ್ಲ. ನಾನೂ ಯಜಮಾನರೂ ಕಾಮರ್ಸ್ ಓದಿದವರು, ವಿಜ್ಞಾನ ವಿವರಿಸಿ ಹೇಳೋಕೆ ಬರಲ್ಲ. ಮಗನಿಗೆ ಡೈನೋಸಾರ್ ಹುಚ್ಚು. ‘ನಮ್ಮೂರಲ್ಲೂ ಇತ್ತಾ?’ ಅಂತ ದಿನಾ ಕೇಳ್ತಾನೆ. ಈ ಸಲ ಹೇಗೆ ಮಾಡಿದರೆ ಒಳ್ಳೆಯದು?

ಉತ್ತರ: ಮೊದಲು ತಾರಾಲಯವನ್ನು ಪಟ್ಟಿಯಿಂದ ತೆಗೆಯಿರಿ. ಅದು ಚೆನ್ನಾಗಿಲ್ಲ ಅಂತಲ್ಲ. ಅಲ್ಲಿ ಕನ್ನಡದಲ್ಲೂ ಪ್ರದರ್ಶನ ಇರುತ್ತದೆ, ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಆದರೆ ಪ್ರದರ್ಶನದ ಸಮಯ ಹಿಡಿಯಲು ಹೋದರೆ ಇಡೀ ದಿನ ಗಡಿಯಾರ ನೋಡಿಕೊಂಡು ಓಡಬೇಕಾಗುತ್ತದೆ. ಐದು ವರ್ಷದ ಮಗು ಮತ್ತು ಮೊಣಕಾಲು ನೋವಿರುವವರು ಜೊತೆಗಿದ್ದಾಗ ಅದು ಬೇಡ. ಬೆಳಿಗ್ಗೆ ಮ್ಯೂಸಿಯಂ, ಸಂಜೆ ಲಾಲ್‌ಬಾಗ್. ಅಷ್ಟು ಸಾಕು.

ಇನ್ನು ನಿಮ್ಮ ಮಗ ದಿನಾ ಕೇಳುವ ಪ್ರಶ್ನೆ. ಮ್ಯೂಸಿಯಂಗೆ ಬರುವ ಹೆಚ್ಚಿನ ಮನೆಯವರ ಹತ್ತಿರ ನೋಡಬೇಕಾದ ಕೋಣೆಗಳ ಪಟ್ಟಿ ಇರುತ್ತದೆ, ಪ್ರಶ್ನೆ ಇರುವುದಿಲ್ಲ. ನಿಮ್ಮಲ್ಲಿ ಪ್ರಶ್ನೆ ತಯಾರಾಗೇ ಇದೆ. ‘ನಮ್ಮೂರಲ್ಲಿ ಡೈನೋಸಾರ್ ಇತ್ತಾ?’ ಇದನ್ನೇ ಹಿಡಿದುಕೊಂಡು ಹೊರಡಿ. ಅರ್ಧ ಉತ್ತರ ಮ್ಯೂಸಿಯಂನಲ್ಲಿ ಸಿಗುತ್ತದೆ, ಉಳಿದರ್ಧ ಲಾಲ್‌ಬಾಗ್‌ನಲ್ಲಿ. ಅದಕ್ಕೇ ಲಾಲ್‌ಬಾಗ್ ಉಳಿಸಿಕೊಳ್ಳಿ ಅಂದಿದ್ದು.

ಮ್ಯೂಸಿಯಂ ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುತ್ತದೆ. ಆ ಹೊತ್ತಿಗೆ ಬಾಗಿಲಲ್ಲೇ ಇರಿ. ಹನ್ನೊಂದು ಗಂಟೆಯ ನಂತರ ಶಾಲೆಯ ಬಸ್ಸುಗಳು ಬರತೊಡಗುತ್ತವೆ, ಅದರಲ್ಲೂ ನವೆಂಬರ್‌ನಿಂದ ಜನವರಿವರೆಗೆ ಪ್ರವಾಸದ ಕಾಲ. ಆಗ ಒಂದೊಂದು ಬಟನ್‌ಗೂ ಹತ್ತು ಕೈ. ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದರೆ ಅಲ್ಲೇ ನೇರಳೆ ಮಾರ್ಗದ ಮೆಟ್ರೋ ಸಿಗುತ್ತದೆ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಅತ್ತೆಯವರಿಗಾಗಿ ಆಟೋ ಮಾಡಿ, ನಡೆಸಬೇಡಿ. ಕಾಲಿನ ಶಕ್ತಿ ಒಳಗೆ ಬೇಕಾಗುತ್ತದೆ. ಟಿಕೆಟ್ ತೆಗೆದುಕೊಳ್ಳುವಾಗಲೇ ಲಿಫ್ಟ್ ಎಲ್ಲಿದೆ, ವೀಲ್‌ಚೇರ್ ಸಿಗುತ್ತದಾ, ತಂದ ಬುತ್ತಿಯನ್ನು ಎಲ್ಲಿ ಕೂತು ತಿನ್ನಬಹುದು, ಈ ಮೂರನ್ನು ಕೇಳಿಬಿಡಿ. ಕೇಳೋಕೆ ಸಂಕೋಚಪಟ್ಟು ಮೆಟ್ಟಿಲು ಹತ್ತಿ ಸುಸ್ತಾಗುವ ಅಜ್ಜಿಯಂದಿರನ್ನು ಬೇಕಾದಷ್ಟು ನೋಡಿದ್ದೇನೆ.

ಬಟನ್ ವಿಷಯ. ಮಕ್ಕಳು ಬಟನ್ ಒತ್ತಿ ಓಡಿದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ಈ ಮ್ಯೂಸಿಯಂ ಇರುವುದೇ ಮುಟ್ಟಿ ನೋಡುವುದಕ್ಕೆ. ತೊಂದರೆ ಏನೆಂದರೆ, ಏನಾಗುತ್ತದೆ ಅಂತ ಯೋಚಿಸುವ ಮೊದಲೇ ಒತ್ತಿಬಿಟ್ಟರೆ ಬೆರಗಾಗಲು ಏನೂ ಉಳಿಯುವುದಿಲ್ಲ. ಅದಕ್ಕೆ ಒಂದೇ ಒಂದು ನಿಯಮ ಮಾಡಿ: ‘ಏನಾಗುತ್ತೆ ಅಂತ ಮೊದಲು ಹೇಳು, ಆಮೇಲೆ ಒತ್ತು.’ ತಪ್ಪು ಹೇಳಿದರೂ ಪರವಾಗಿಲ್ಲ. ತಪ್ಪು ಹೇಳಿದಾಗಲೇ ಮಗು ಅಲ್ಲಿ ನಿಲ್ಲುವುದು, ಇನ್ನೊಮ್ಮೆ ಒತ್ತುವುದು. ಇಷ್ಟು ಮಾಡೋಕೆ ಕಾಮರ್ಸ್ ಓದಿದವರಾದರೇನು? ನಿಜ ಹೇಳಬೇಕೆಂದರೆ ಎಂಜಿನಿಯರ್ ಅಪ್ಪಂದಿರ ಜೊತೆ ಬರುವ ಮಕ್ಕಳ ಪಾಡು ಕಷ್ಟ. ಮಗು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂದುಬಿಟ್ಟಿರುತ್ತದೆ.

ರಾಟೆಗಳನ್ನು ತೆಗೆದುಕೊಳ್ಳಿ. ವಿಜ್ಞಾನ ಕೇಂದ್ರಗಳಲ್ಲಿ ಹಗ್ಗ ಎಳೆದು ಭಾರ ಎತ್ತುವ ಆಟ ಇದ್ದೇ ಇರುತ್ತದೆ. ಬಾವಿಯ ಮೇಲಿನ ಒಂಟಿ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ, ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ. ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಎಳೆದರೆ ನಮ್ಮ ಮೈಭಾರವೂ ಸೇರುವುದರಿಂದ ಸುಲಭ ಅನ್ನಿಸುತ್ತದೆ, ಅಷ್ಟೇ. ಭಾರದ ಜೊತೆಗೇ ಮೇಲೇರುವ ರಾಟೆ ಸೇರಿಸಿ, ಆ ಭಾರವನ್ನು ನಾಲ್ಕು ಎಳೆ ಹಗ್ಗ ಹೊರುವಂತೆ ಮಾಡಿದರೆ ಬೇಕಾಗುವ ಬಲ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ ಉಳಿದ ಮುಕ್ಕಾಲು ಎಲ್ಲಿ ಹೋಯಿತು? ಮಗಳಿಗೆ ಇದನ್ನು ಹೇಳಬೇಡಿ, ಕೇಳಿ. ಎಷ್ಟು ಹಗ್ಗ ಎಳೆದೆ, ಭಾರ ಎಷ್ಟು ಮೇಲೆ ಹೋಯಿತು ಅಂತ ನೋಡಲು ಹೇಳಿ. ನಾಲ್ಕು ಅಡಿ ಹಗ್ಗ ಎಳೆದರೆ ಭಾರ ಒಂದೇ ಅಡಿ ಏರಿರುತ್ತದೆ. ಲೆಕ್ಕ ಸರಿಹೋಯಿತಲ್ಲ! ಇದು ಕಾಮರ್ಸ್‌ನವರಿಗೆ ಚೆನ್ನಾಗಿ ಅರ್ಥವಾಗುವ ವ್ಯವಹಾರ.

ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಮಾದರಿಯೂ ಅಲ್ಲಿದೆ. ಜನ ಅದರ ಮುಂದೆ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನೀವು ಸ್ವಲ್ಪ ನಿಲ್ಲಿ. 1903ರ ಡಿಸೆಂಬರ್ 17ರಂದು ಅದರ ಮೊದಲ ಹಾರಾಟ ನಡೆದದ್ದು 12 ಸೆಕೆಂಡು. ಹೋದ ದೂರ 120 ಅಡಿ, ಅಂದರೆ ಸುಮಾರು 36 ಮೀಟರ್. ಆ ರೆಕ್ಕೆಗಳ ಅಗಲವೇ 12 ಮೀಟರಿಗಿಂತ ಜಾಸ್ತಿ. ವಿಮಾನ ತನ್ನ ರೆಕ್ಕೆಯ ಮೂರರಷ್ಟು ದೂರ ಕೂಡ ಹೋಗಲಿಲ್ಲ! ಹೊರಗೆ ಬಂದ ಮೇಲೆ ಕಬ್ಬನ್ ಪಾರ್ಕ್‌ನಲ್ಲಿ ಅಷ್ಟು ದೂರ ಅಳೆದು, ಮಗಳನ್ನು ಓಡಿಸಿ, ಫೋನಿನಲ್ಲಿ ಸಮಯ ನೋಡಿ. ಅವಳು 12 ಸೆಕೆಂಡಿಗಿಂತ ಮೊದಲೇ ಮುಟ್ಟುತ್ತಾಳೆ. ಅವತ್ತು ಎದುರುಗಾಳಿ ಜೋರಾಗಿತ್ತು ಅನ್ನುವುದನ್ನು ಆಮೇಲೆ ಹೇಳಿ, ಗೆದ್ದ ಖುಷಿ ಮೊದಲು ಇರಲಿ. ಮ್ಯೂಸಿಯಂ ಅಂಗಳದಲ್ಲಿ ನಿಂತಿರುವ ಮರುತ್ ಯುದ್ಧವಿಮಾನವನ್ನೂ ತೋರಿಸಿ. ಅದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು, ಮೊದಲು ಹಾರಿದ್ದು 1961ರಲ್ಲಿ. ಆ ಹನ್ನೆರಡು ಸೆಕೆಂಡಿನ ಹಾರಾಟಕ್ಕೂ ಇದಕ್ಕೂ ನಡುವೆ ಇರುವುದು 58 ವರ್ಷ ಮಾತ್ರ.

ಈಗ ಅತ್ತೆಯವರು. ಅವರನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಿಸಿ ಬ್ಯಾಗು ಕಾಯಲು ಬಿಡಬೇಡಿ, ದಯವಿಟ್ಟು. ಈ ಮ್ಯೂಸಿಯಂನ ಕಟ್ಟಡ ಉದ್ಘಾಟನೆಯಾದದ್ದು 1962ರ ಜುಲೈನಲ್ಲಿ, ಸರ್ ಎಂ.ವಿ. ತೀರಿಕೊಂಡ ಮೂರು ತಿಂಗಳಿಗೆ. ಮೊದಲ ಗ್ಯಾಲರಿ ಜನರಿಗೆ ತೆರೆದದ್ದು 1965ರಲ್ಲಿ, ಅದರ ವಿಷಯ ವಿದ್ಯುತ್. ಯಾಕೆ ವಿದ್ಯುತ್ತೇ ಮೊದಲು? ಆಗ ಎಷ್ಟೋ ಹಳ್ಳಿಗಳಿಗೆ ಕರೆಂಟು ಬಂದಿರಲೇ ಇಲ್ಲ, ಅದು ದೊಡ್ಡ ಕುತೂಹಲದ ವಸ್ತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಆದರೆ ಊರೂರಿಗೆ ಬರಲು ದಶಕಗಳೇ ಬೇಕಾದವು. ಮಕ್ಕಳಿಗೆ ಹೇಳಿ: ‘ಅಜ್ಜಿ ಮನೆಗೆ ಕರೆಂಟು ಯಾವಾಗ ಬಂತು ಕೇಳು. ಅದಕ್ಕೆ ಮೊದಲು ರಾತ್ರಿ ಏನು ಮಾಡ್ತಿದ್ರು ಕೇಳು.’ ಕೈಯಲ್ಲಿ ತಿರುಗಿಸುವ ಡೈನಮೋ ಸಿಕ್ಕರೆ ಮಗಳು ತಿರುಗಿಸಲಿ, ಬಲ್ಬು ಹತ್ತಿಸಲಿ. ಬಲ್ಬು ಹತ್ತಿದಾಗ ಹಿಡಿಕೆ ಬಿಗಿಯಾಗುತ್ತದೆ, ಅದನ್ನು ಅವಳ ತೋಳೇ ಗುರುತಿಸುತ್ತದೆ. ಒಂದು ಬಲ್ಬಿಗೆ ಇಷ್ಟು ಕಷ್ಟಪಡಬೇಕಾ ಅಂತ ಅವಳು ಕೇಳುವ ಹೊತ್ತಿಗೆ ಅಜ್ಜಿಯ ಬುಡ್ಡಿದೀಪದ ಕತೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಅಲ್ಲಿನ ಯಾವ ಬೋರ್ಡಿನಲ್ಲೂ ಈ ಕತೆ ಸಿಗುವುದಿಲ್ಲ.

ಇನ್ನುಳಿದ ಗ್ಯಾಲರಿಗಳಲ್ಲಿ ಬಾಹ್ಯಾಕಾಶ, ಎಲೆಕ್ಟ್ರಾನಿಕ್ಸ್, ಜೈವಿಕ ತಂತ್ರಜ್ಞಾನ ಎಲ್ಲ ಇವೆ. ಮಗಳಿಗೆ ಆಸೆ ಇದ್ದರೆ ಅವಳನ್ನು ಅಪ್ಪ ಕರೆದುಕೊಂಡು ಹೋಗಲಿ. ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಹೋಗಬೇಕಾಗಿಲ್ಲ.

ಡೈನೋಸಾರ್‌ಗೆ ಬರೋಣ. ಅಲ್ಲಿರುವುದು ಸ್ಪೈನೋಸಾರಸ್, ಬೆನ್ನ ಮೇಲೆ ದೊಡ್ಡ ಹಾಯಿ ಇರುವ ಜಾತಿ. ಅದು ಅಲುಗಾಡುತ್ತದೆ, ಕೂಗುತ್ತದೆ. ಡೈನೋಸಾರ್ ಹುಚ್ಚಿರುವ ಮಕ್ಕಳೂ ಎದುರಿಗೆ ನಿಂತಾಗ ಅತ್ತುಬಿಡುವುದುಂಟು. ಅದಕ್ಕೇ ಮೊದಲು ದೂರದಿಂದ ತೋರಿಸಿ, ಹತ್ತಿರ ಹೋಗುವುದನ್ನು ಅವನಿಗೇ ಬಿಡಿ. ಹೆದರಿಸಿ ನಗುವುದಂತೂ ಬೇಡವೇ ಬೇಡ.

ಅವನಿಗೆ ಮೊದಲು ಗೊತ್ತಾಗಬೇಕಾದದ್ದು, ಇದು ಮೂಳೆಯಲ್ಲ, ಮೂಳೆ ನೋಡಿ ಮಾಡಿದ ಗೊಂಬೆ. ‘ಹಾಗಾದ್ರೆ ಬಣ್ಣ ಹೇಗೆ ಗೊತ್ತಾಯ್ತು?’ ಅಂತ ಅವನೇ ಕೇಳಬಹುದು. ಕೇಳದಿದ್ದರೆ ನೀವು ಕೇಳಿ. ಉತ್ತರ: ಹೆಚ್ಚಿನ ಡೈನೋಸಾರ್‌ಗಳ ಬಣ್ಣ ಊಹೆಯೇ. ಮೂಳೆ ಕಲ್ಲಾಗಿ ಉಳಿಯುತ್ತದೆ, ಚರ್ಮ ಉಳಿಯುವುದು ತೀರಾ ಅಪರೂಪ. ಸ್ಪೈನೋಸಾರಸ್‌ನ ಕತೆ ಇನ್ನೂ ಸ್ವಾರಸ್ಯ. ಈಜಿಪ್ಟಿನ ಮರಳುಗಾಡಿನಲ್ಲಿ ಸಿಕ್ಕ ಮೂಳೆಗಳನ್ನು ನೋಡಿ ಜರ್ಮನಿಯ ಅರ್ನ್ಸ್ಟ್ ಸ್ಟ್ರೋಮರ್ 1915ರಲ್ಲಿ ಇದಕ್ಕೆ ಹೆಸರಿಟ್ಟರು. ಆ ಮೂಳೆಗಳು ಮ್ಯೂನಿಕ್‌ನ ಮ್ಯೂಸಿಯಂನಲ್ಲಿದ್ದವು. 1944ರಲ್ಲಿ ಬಾಂಬು ಬಿದ್ದು ಎಲ್ಲ ನಾಶವಾಯಿತು. ಬಹಳ ಕಾಲ ಈ ಪ್ರಾಣಿಯ ಬಗ್ಗೆ ಉಳಿದಿದ್ದು ಸ್ಟ್ರೋಮರ್ ಬರೆದಿಟ್ಟ ವಿವರ, ಚಿತ್ರ, ಕೆಲವು ಫೋಟೋ. ಆಮೇಲೆ ಮೊರಾಕ್ಕೊದಲ್ಲಿ ಹೊಸ ಮೂಳೆಗಳು ಸಿಕ್ಕವು. 2020ರಲ್ಲಿ ಅದರ ಬಾಲದ ವಿವರ ಪ್ರಕಟವಾದಾಗ ಎಲ್ಲರಿಗೂ ಆಶ್ಚರ್ಯ: ಬಾಲ ದೋಣಿಯ ಹುಟ್ಟಿನ ಹಾಗೆ ಅಗಲವಾಗಿತ್ತು. ನೀರಲ್ಲಿ ಎಷ್ಟು ಚೆನ್ನಾಗಿ ಈಜುತ್ತಿತ್ತು ಅಂತ ತಜ್ಞರು ಈಗಲೂ ಜಗಳ ಆಡುತ್ತಿದ್ದಾರೆ. ಅದಕ್ಕೂ ಮೊದಲು ಮಾಡಿದ ಮಾದರಿಗಳಲ್ಲಿ ಬಾಲ ಸಾಮಾನ್ಯವಾಗಿ ಸಣ್ಣಗೆ, ಉದ್ದಕ್ಕೆ ಇರುತ್ತದೆ. ಇಲ್ಲಿನದು ಹೇಗಿದೆ ಅಂತ ಮಗನೇ ನೋಡಿ ಹೇಳಲಿ. ಮ್ಯೂಸಿಯಂನಲ್ಲಿ ಇಟ್ಟಿರುವುದೂ ಆಗಾಗ ತಿದ್ದಿಕೊಳ್ಳಬೇಕಾಗುತ್ತದೆ ಅನ್ನುವುದು ಐದು ವರ್ಷಕ್ಕೇ ಗೊತ್ತಾದರೆ ನಷ್ಟವಿಲ್ಲ.

ಮಧ್ಯಾಹ್ನ ಒಂದರ ಹೊತ್ತಿಗೆ ಹೊರಗೆ ಬಂದುಬಿಡಿ. ಇನ್ನೂ ನೋಡೋದಿತ್ತು ಅಂತ ಮಕ್ಕಳು ಗಲಾಟೆ ಮಾಡಿದರೆ ಒಳ್ಳೆಯದೇ. ಊಟ ಮಾಡಿ, ಪಕ್ಕದ ಸರ್ಕಾರಿ ವಸ್ತು ಸಂಗ್ರಹಾಲಯ ತೆರೆದಿದ್ದರೆ ಒಂದೇ ಒಂದು ಕಲ್ಲು ನೋಡಲು ಹೋಗಬಹುದು. ಕ್ರಿ.ಶ. 949ರ ಆತಕೂರು ಶಾಸನ ಅಲ್ಲಿದೆ, ಮದ್ದೂರು ತಾಲ್ಲೂಕಿನ ಆತಕೂರಿನದು. ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡಿ, ಎರಡೂ ಸತ್ತಾಗ ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವೂ ಅದರ ಮೇಲಿದೆ. ವಿಜ್ಞಾನಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ನಾಯಿಗೊಂದು ವೀರಗಲ್ಲು ಅಂದರೆ ಯಾವ ಮಗು ಬೇಡ ಅನ್ನುತ್ತದೆ?

ಲಾಲ್‌ಬಾಗ್‌ಗೆ ಆಟೋದಲ್ಲೇ ಹೋಗಿ, ಡಬಲ್ ರೋಡ್ ಕಡೆಯ ಗೇಟಿಗೆ. ಬಂಡೆ ಅಲ್ಲಿಂದ ಹತ್ತಿರ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಯನ್ನು ಜನ ಸೂರ್ಯಾಸ್ತ ನೋಡಲು ಹತ್ತುತ್ತಾರೆ. ಅತ್ತೆಯವರು ಕೆಳಗೆ ನೆರಳಲ್ಲಿ ಕೂರಲಿ. ನೀವು ಮಕ್ಕಳ ಜೊತೆ ಮೇಲೆ ಹೋಗಿ ಕಲ್ಲನ್ನೇ ನೋಡಿ. ಕಪ್ಪು ಬಿಳಿ ಪಟ್ಟೆಗಳು ಬಳುಕುತ್ತಾ ಹೋಗಿರುವುದು ಕಾಣುತ್ತದೆ. ಭೂಮಿಯ ಆಳದಲ್ಲಿ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ಆದ ಪಟ್ಟೆಗಳು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ, ಅಲ್ಲೇ ಫಲಕ ಇದೆ.

300 ಕೋಟಿ ಅಂದರೆ ನಮಗೂ ತಲೆಗೆ ಹತ್ತುವುದಿಲ್ಲ. ಆದ್ದರಿಂದ ನಡೆದು ನೋಡಿ. ಅಪ್ಪನ ಒಂದು ಹೆಜ್ಜೆಗೆ ಹತ್ತು ಕೋಟಿ ವರ್ಷ. ಬಂಡೆ ಆದಾಗಿನಿಂದ ಇವತ್ತಿಗೆ ಮೂವತ್ತು ಹೆಜ್ಜೆ. ಮಗಳು ಎಣಿಸಲಿ, ಮಗ ಜೊತೆಗೆ ನಡೆಯಲಿ. ಒಂದು, ಎರಡು, ಮೂರು... ಇಪ್ಪತ್ತನಾಲ್ಕನೇ ಹೆಜ್ಜೆ ದಾಟಿದ ಮೇಲಷ್ಟೇ ಸಮುದ್ರದಲ್ಲಿ ಬಗೆಬಗೆಯ ಪ್ರಾಣಿಗಳು ಕಾಣಿಸಿಕೊಳ್ಳುವುದು. ಡೈನೋಸಾರ್ ಬರುವುದು ಇಪ್ಪತ್ತೆಂಟನೇ ಹೆಜ್ಜೆ ಮುಗಿಯುವ ಮುನ್ನ, ಸುಮಾರು 23 ಕೋಟಿ ವರ್ಷದ ಹಿಂದೆ. ಹೋಗಿದ್ದು 6.6 ಕೋಟಿ ವರ್ಷದ ಹಿಂದೆ, ಮೂವತ್ತನೇ ಹೆಜ್ಜೆಯ ಮೂರನೇ ಒಂದು ಭಾಗ ಇಟ್ಟಾಗ. ಹೆಜ್ಜೆ ಅರವತ್ತು ಸೆಂಟಿಮೀಟರ್ ಅಂದುಕೊಂಡರೆ ಮನುಷ್ಯ ಜಾತಿಯ ಮೂರು ಲಕ್ಷ ವರ್ಷಕ್ಕೆ ಸಿಗುವ ಜಾಗ ಎರಡು ಮಿಲಿಮೀಟರಿಗಿಂತ ಕಡಿಮೆ. ಈ ಲೆಕ್ಕವನ್ನು ಮಗಳಿಂದಲೇ ಮಾಡಿಸಿ, ಅವಳ ಕೈಲಾಗುತ್ತದೆ.

ಈಗ ಮಗನ ಪ್ರಶ್ನೆಗೆ ಉತ್ತರ ಹೇಳಬಹುದು. ಡೈನೋಸಾರ್ ನಮ್ಮ ಕಡೆಯೂ ಇದ್ದಿರಬಹುದು, ಆಗಲೂ ಇಲ್ಲಿ ನೆಲ ಇತ್ತಲ್ಲ. ಆದರೆ ಮೂಳೆ ಉಳಿಯಬೇಕಾದರೆ ಸತ್ತ ಪ್ರಾಣಿ ಬೇಗ ಕೆಸರಿನಲ್ಲೋ ಮರಳಿನಲ್ಲೋ ಹೂತುಹೋಗಬೇಕು, ಆ ಕೆಸರು ಪದರ ಪದರವಾಗಿ ಕಲ್ಲಾಗಬೇಕು. ನಿಮ್ಮ ದೇವರಾಯನದುರ್ಗ, ಮಧುಗಿರಿಯ ಬೆಟ್ಟಗಳ ಗ್ರಾನೈಟು ಸುಮಾರು 250 ಕೋಟಿ ವರ್ಷದ್ದು. ಅದು ಆದಾಗ ಮೂಳೆ ಇರುವ ಪ್ರಾಣಿಯೇ ಭೂಮಿ ಮೇಲೆ ಇರಲಿಲ್ಲ. ಪದರಗಲ್ಲು ಬೇಕು ಅಂತ ಕಲಬುರಗಿ ಕಡೆ ಹೋದರೆ ಶಹಾಬಾದ್ ಕಲ್ಲು ಇದೆ, ನಮ್ಮ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವುದು ಅದನ್ನೇ. ಅದೂ ಡೈನೋಸಾರ್‌ಗಿಂತ ಬಹಳ ಹಳೆಯದು. ಬೆಳಗಾವಿ, ಬೀದರಿನ ಕಪ್ಪು ಕಲ್ಲಿಗೆ ವಯಸ್ಸು ಸರಿಹೊಂದುತ್ತದೆ, ಸುಮಾರು 6.6 ಕೋಟಿ ವರ್ಷ. ಆದರೆ ಅದು ಕುದಿಯುವ ಲಾವಾ ಹರಿದು ಆದ ಕಲ್ಲು, ಅದರೊಳಗೆ ಮೂಳೆ ಹುಡುಕಿ ಪ್ರಯೋಜನವಿಲ್ಲ. ಗುಜರಾತ್, ಮಧ್ಯಪ್ರದೇಶದಲ್ಲಿ ಆ ಲಾವಾದ ಕೆಳಗೆ ಕೆಸರುಗಲ್ಲಿನ ಪದರ ಉಳಿದಿದೆ. ಮೊಟ್ಟೆಗಳೂ ಮೂಳೆಗಳೂ ಸಿಕ್ಕಿದ್ದು ಅಲ್ಲಿ. 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ಗುಜರಾತಿನದೇ. ಮೂಳೆಯ ಅಸ್ಥಿಪಂಜರವನ್ನೇ ನೋಡಬೇಕು ಅಂತ ಮಗ ಹಟ ಹಿಡಿದರೆ ಹೈದರಾಬಾದಿನ ಬಿರ್ಲಾ ವಿಜ್ಞಾನ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಗೋದಾವರಿ ಕಣಿವೆಯಲ್ಲಿ ಸಿಕ್ಕ ಕೋಟಾಸಾರಸ್ ಅಲ್ಲಿ ನಿಂತಿದೆ.

ಇಷ್ಟೆಲ್ಲ ಕೇಳಿ ಅವನ ಮುಖ ಸಪ್ಪಗಾದರೆ ಇನ್ನೊಂದು ವಿಷಯ ಇದೆ. ಹಕ್ಕಿಗಳು ಡೈನೋಸಾರ್‌ಗಳ ಒಂದು ಕವಲು. ಇದು ಸುಮ್ನೆ ಚಮತ್ಕಾರದ ಮಾತಲ್ಲ, ಇವತ್ತಿನ ವಿಜ್ಞಾನಿಗಳು ಒಪ್ಪಿರುವುದು. ಬೆಳಿಗ್ಗೆ ನೋಡಿದ ಸ್ಪೈನೋಸಾರಸ್‌ನ ಕಾಲು ನೆನಪಿಸಿ, ಊರಿಗೆ ಹೋದ ಮೇಲೆ ಕೋಳಿಯ ಕಾಲು ತೋರಿಸಿ. ‘ನಮ್ಮೂರಲ್ಲಿ ಡೈನೋಸಾರ್ ಇತ್ತಾ’ ಅಂದರೆ, ಈಗಲೂ ಇದೆ, ಹಿತ್ತಿಲಲ್ಲಿ ಕಾಳು ಹೆಕ್ಕುತ್ತಿದೆ ಅಂತ ಧೈರ್ಯವಾಗಿ ಹೇಳಿ. ಅವನ ಟೀಚರ್ ಒಪ್ಪದಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ.

ಎರಡು ಸಣ್ಣ ಮಾತು ಬಾಕಿ. ಫೋನ್ ಬೇಡ ಅನ್ನಬೇಡಿ. ಒಬ್ಬೊಬ್ಬರೂ ಅರ್ಥವಾಗದ ಒಂದು ವಸ್ತುವಿನ ಫೋಟೋ ತೆಗೆಯಲಿ, ಮನೆಗೆ ಹೋಗಿ ಹುಡುಕೋಣ ಅನ್ನಿ. ‘ಏನು ಕಲಿತೆ’ ಅಂತ ವಾಪಸ್ ರೈಲಿನಲ್ಲಿ ಪರೀಕ್ಷೆ ಮಾಡುವುದು, ಪ್ರಬಂಧ ಬರೆಸುವುದು ಬೇಡ. ಹೋದ ಸಲ ಏನೂ ಕಲಿಯಲಿಲ್ಲ ಅಂದಿರಿ. ಐದು ವರ್ಷದವನು ಕಲಿತದ್ದು ಹೊರಗೆ ಬರಲು ಕೆಲವೊಮ್ಮೆ ತಿಂಗಳುಗಳೇ ಆಗುತ್ತವೆ, ಅದೂ ಸ್ನಾನ ಮಾಡಿಸುವಾಗ ಯಾವುದೋ ಪ್ರಶ್ನೆಯಾಗಿ.

ಮಕ್ಕಳಿಗೆ ಇದು ರುಚಿಸಿದರೆ ಮುಂದಿನ ಸಲ ಮೈಸೂರು. ಕಾರಂಜಿ ಕೆರೆಯ ದಡದಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇದೆ, 1995ರಲ್ಲಿ ಆರಂಭವಾದದ್ದು. ಕಾಡು, ಪ್ರಾಣಿ, ಜೀವವಿಕಾಸ ಇವೇ ಅದರ ವಿಷಯ. ಬೆಂಗಳೂರಿನದು ಯಂತ್ರದ ಕಡೆ ವಾಲಿದರೆ ಇದು ಪೂರ್ತಿ ಪ್ರಕೃತಿಯ ಕಡೆ. ಅದರ ತಾಯಿ ಸಂಸ್ಥೆಯಾಗಿದ್ದ ದೆಹಲಿಯ ಮ್ಯೂಸಿಯಂ 2016ರಲ್ಲಿ ಬೆಂಕಿಗೆ ಸುಟ್ಟುಹೋಯಿತು, ಅದಕ್ಕಾದರೂ ಮೈಸೂರಿನದನ್ನು ನಾವು ಹೋಗಿ ನೋಡಬೇಕು. ಅಲ್ಲಿ ಎಚ್ಚರ ಇರಬೇಕಾದದ್ದು ವಾರದ ಬಗ್ಗೆ: ಸಂಗ್ರಹಾಲಯಕ್ಕೆ ಸೋಮವಾರ ರಜೆ, ಮೃಗಾಲಯಕ್ಕೆ ಮಂಗಳವಾರ. ಎರಡನ್ನೂ ಒಂದೇ ದಿನ ನೋಡುವ ಆಸೆ ಇದ್ದರೆ ಬುಧವಾರದಿಂದ ಭಾನುವಾರದೊಳಗೆ ಹೊರಡಿ.